ಹೊಗಳಲು ಬಾರದ ಊರ್ಮಿಳಾ

ನನ್ನ ಅಕ್ಕನ ಮಗಳು ಊರ್ಮಿಳಾ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನಾನು ಬಾಯಿ ತೆರೆಯದೆ ಮೇಲಕ್ಕೆ ಬೆರಳು ತೋರಿಸುತ್ತೇನೆ. ಪುತ್ತೂರಿನ ದರ್ಬೆಯಲ್ಲಿ ನನ್ನ ಟೈಲರ್ ಅಂಗಡಿ ಇರುವ ಕಟ್ಟಡದ ಎರಡನೇ ಮಾಳಿಗೆಯಲ್ಲಿ ಅವಳ ಆಫೀಸು. ಕಂಪೆನಿಯ ಹೆಸರು ಲೋಕಕ್ಕೆಲ್ಲ ಗೊತ್ತು. ನಮ್ಮ ನಿಮ್ಮ ಮೊಬೈಲಿನಲ್ಲಿ ಅದರ ಒಂದಲ್ಲ ಒಂದು ಆಪ್ ಇದ್ದೇ ಇರುತ್ತದೆ. ಅಷ್ಟು ದೊಡ್ಡ ಕಂಪೆನಿಯ ಒಂದು ತುಂಡು ನಮ್ಮ ಊರಿಗೆ ಬಂದು ಕುಳಿತದ್ದು ಕೊರೋನಾ ಕಳೆದ ಮೇಲೆ. ಬಟ್ಟೆ ಅಂಗಡಿಯ ಗೋದಾಮು ಇದ್ದ ಜಾಗಕ್ಕೆ ಗಾಜಿನ ಬಾಗಿಲು ಬಂತು, ಬಾಗಿಲಿಗೆ ಕಾರ್ಡು ತೋರಿಸಿದರೆ ಮಾತ್ರ ತೆರೆಯುವ ಬೀಗ ಬಂತು. ಚಹಾ ತಂದುಕೊಡುವ ಮಮ್ಮು ಬ್ಯಾರಿಗೂ ಒಳಗೆ ಹೋಗಲಿಕ್ಕಿಲ್ಲ, ಬಾಗಿಲ ಹೊರಗೇ ಫ್ಲಾಸ್ಕ್ ಇಟ್ಟು ಬರಬೇಕು.

ಒಳಗೆ ನಡೆಯುವ ಕೆಲಸವನ್ನು ಊರ್ಮಿಳಾ ನನಗೆ ಹತ್ತು ಸಲ ವಿವರಿಸಿದ್ದಾಳೆ. ಕಂಪೆನಿಯವರು ಹೊಸದಾಗಿ ಮಾಡುವ ಆಪ್‌ಗಳನ್ನು ಜನರ ಕೈಗೆ ಕೊಡುವ ಮೊದಲು ಇವರು ಅದರಲ್ಲಿ ತಪ್ಪು ಹುಡುಕಬೇಕಂತೆ. ಬೆಳಗ್ಗಿನಿಂದ ಸಂಜೆಯವರೆಗೆ ತಪ್ಪು ಹುಡುಕಿದರೆ ತಿಂಗಳ ಕೊನೆಗೆ ಸಂಬಳ. "ಇದೇ ಕೆಲಸ ನನ್ನ ಅತ್ತೆ ಜೀವಮಾನವಿಡೀ ಪುಕ್ಕಟೆ ಮಾಡಿದ್ರಲ್ಲ ಮಾರಾಯ್ತಿ" ಎಂದೆ. ಅವಳು ನಕ್ಕಳು. ನನಗೆ ಮಾತ್ರ ಇವತ್ತಿಗೂ ಅದರ ತಲೆಬುಡ ಗೊತ್ತಾಗಿಲ್ಲ.

ಊರ್ಮಿಳಾ ಹುಟ್ಟಿ ಬೆಳೆದದ್ದು ನರಿಮೊಗರಿನಲ್ಲಿ. ಅವಳ ಅಪ್ಪ, ಎಂದರೆ ನನ್ನ ಭಾವ ಶೀನಪ್ಪಣ್ಣ, ಬಾಯಲ್ಲಿ ಒಂದು ಒಳ್ಳೆಯ ಮಾತು ಬಂದರೆ ಹಲ್ಲು ಉದುರುತ್ತದೆ ಎಂದು ನಂಬಿದವರ ಹಾಗೆ ಬದುಕಿದ ಮನುಷ್ಯ. ದನ ಚೆನ್ನಾಗಿ ಹಾಲು ಕೊಡುತ್ತಿದ್ದರೂ ಕೇಳಿದವರಿಗೆ "ಕರುವಿಗೆ ಸಾಕಾಗುವಷ್ಟು ಉಂಟು" ಎನ್ನುತ್ತಿದ್ದರು. ಮಗಳು ಪಿಯುಸಿಯಲ್ಲಿ ಇಡೀ ಕಾಲೇಜಿಗೆ ಮೊದಲಿಗಳಾದಾಗ ಪೇಟೆಯಲ್ಲಿ ಸಿಕ್ಕವರು ಅಭಿನಂದಿಸಿದರೆ "ಹೂಂ, ಪಾಸಾಗಿದ್ದಾಳೆ" ಎಂದು ಮುಂದೆ ನಡೆದರು. ಮನೆಗೆ ಬಂದವರೇ ಅಕ್ಕನಿಗೆ ಹೇಳಿ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿಸಿದರು. ಅವರಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ನಮ್ಮಲ್ಲಿ ಇರುವುದೇ ಹಾಗೆ. ಬೆಳೆಯುವ ಮಗುವನ್ನು, ಗೊನೆ ಹಾಕಿದ ಬಾಳೆಯನ್ನು, ಕೆಲಸ ಬಲ್ಲ ಆಳನ್ನು ಎದುರಿಗೆ ಹೊಗಳಬಾರದು, ಕಣ್ಣು ತಾಗುತ್ತದೆ. ತೀರಾ ಮನಸ್ಸು ತಡೆಯದಿದ್ದರೆ "ಅಡ್ಡಿಲ್ಲ" ಎನ್ನಬಹುದು. ಅದಕ್ಕಿಂತ ಮೇಲೆ ಹೋಗಬಾರದು. ಹಾಗೆಯೇ, ನಾವು ಮಾಡಿದ್ದನ್ನು ನಾವೇ ಮಾಡಿದೆವು ಎನ್ನಬಾರದು, ಹಿರಿಯರು ಮಾಡಿಸಿದರು ಎನ್ನಬೇಕು. ಊರ್ಮಿಳಾ ಈ ಎರಡನ್ನೂ ಎದೆಹಾಲಿನ ಜೊತೆಗೇ ಕುಡಿದವಳು.

ಓದು ಮುಗಿಸಿ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಅಲ್ಲಿಯ ಸಂಬಳ ಬಸ್ಸಿಗೂ ಬಳೆಗೂ ಸರಿಹೋಗುತ್ತಿತ್ತು. ಮೇಲೆ ಕಂಪೆನಿ ಬಂದಾಗ ನಾನೇ ಒತ್ತಾಯ ಮಾಡಿ ಅರ್ಜಿ ಹಾಕಿಸಿದೆ. ಸೇರಿದವಳು ಎರಡೇ ವರ್ಷದಲ್ಲಿ ಎಂಟು ಜನರ ಮೇಲಿನವಳಾದಳು.

ಕಂಪೆನಿಯ ಒಳ್ಳೆಯದನ್ನು ಹೇಳದಿದ್ದರೆ ನನ್ನ ನಾಲಗೆಗೆ ಹುಳ ಬೀಳುತ್ತದೆ. ಅಕ್ಕ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ಮಂಗಳೂರಿನ ಆಸ್ಪತ್ರೆಯಲ್ಲಿ ಊರ್ಮಿಳಾ ಒಂದು ಕಾರ್ಡು ತೋರಿಸಿದಳು, ಅಷ್ಟೆ. ಆಪರೇಷನ್ನೂ ಆಯಿತು, ಅಕ್ಕ ನಡೆಯುತ್ತಲೂ ಇದ್ದಾಳೆ. ಮೇಲಿನ ಆಫೀಸಿನಲ್ಲಿ ಯಾರೂ ಯಾರ ಜಾತಿ ಕೇಳುವುದಿಲ್ಲ. ಸಂಜೆ ತಡವಾದರೆ ಹೆಣ್ಣುಮಕ್ಕಳನ್ನು ಅಂಗಳದವರೆಗೆ ಬಿಡುವ ಕಾರು ಉಂಟು. ಹೆರಿಗೆಯಾದವರಿಗೆ ಆರು ತಿಂಗಳು ರಜೆ, ಗಂಡಸರಿಗೂ ಒಂದಷ್ಟು ದಿನ. ಗಂಡಸರು ಆ ರಜೆಯಲ್ಲಿ ಏನು ಮಾಡುತ್ತಾರೆ ಎಂದು ನಾನು ಕೇಳಿದೆ. "ಮಗುವಿನ ಬಟ್ಟೆ ಒಗೀತಾರೆ ಚಿಕ್ಕಮ್ಮ" ಎಂದಳು. ನನ್ನ ಗಂಡನಿಗೆ ಈ ಕಂಪೆನಿಯ ಸುದ್ದಿ ಮೊದಲೇ ಯಾರಾದರೂ ಹೇಳಬೇಕಿತ್ತು.

ಕೆಟ್ಟದ್ದು ಯಾವುದು ಎಂದರೆ ಅದಕ್ಕೆ ಹೆಸರಿಡಲು ನನಗೆ ಬರುವುದಿಲ್ಲ. ಊಟದ ಬಟ್ಟಲ ಮುಂದೆ ಕೂತವಳು ಫೋನು ಗುಂಯ್ಗುಟ್ಟಿದರೆ ಎಂಜಲು ಕೈಯಲ್ಲೇ ಎದ್ದು ಹೋಗುತ್ತಾಳೆ. ಆಫೀಸಿನಲ್ಲಿ ಆಡಿದ ಮಾತನ್ನು ಹೊರಗೆ ಹೇಳಬಾರದು, ಹೇಳದೆ ಇದ್ದರೆ ಅವಳಿಗೆ ತಲೆನೋವು ಬರುತ್ತದೆ. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕಂತೆ, ತುತ್ತತುದಿಯಲ್ಲಿರುವ ಯಜಮಾನನನ್ನು ಕೂಡ. ಕರೆಯಬಹುದು, ಓಗೊಡುವವರಿಲ್ಲ. ನಮ್ಮಲ್ಲಾದರೆ ಏನಾದರೂ ಎಡವಟ್ಟಾದರೆ ಒಂದು ಬಾಳೆಗೊನೆ ಹಿಡಿದುಕೊಂಡು ದೊಡ್ಡವರ ಮನೆಗೆ ಹೋಗುತ್ತೇವೆ, ಬೆಲ್ಲ ನೀರು ಕುಡಿಯುತ್ತೇವೆ, ಮಾತಾಡಿ ಸರಿ ಮಾಡಿಕೊಳ್ಳುತ್ತೇವೆ. ಈ ಕಂಪೆನಿಗೆ ಹೋಗಿ ಕೂರುವಂಥ ಒಂದು ಜಗಲಿ ಇಲ್ಲ.

ಆರು ತಿಂಗಳಿಗೊಮ್ಮೆ ಅಲ್ಲಿ ಒಂದು ಬರೆಯುವ ಕೆಲಸ ಇರುತ್ತದೆ. ಊರ್ಮಿಳಾ ತನ್ನ ಕೈಕೆಳಗಿನ ಎಂಟು ಮಂದಿಯ ಬಗ್ಗೆ ಬರೆಯಬೇಕು, ಎಂಟು ಮಂದಿಯೂ ಅವಳ ಬಗ್ಗೆ ಬರೆಯಬೇಕು. ಕಳೆದ ಸಲವೂ ಎಲ್ಲರೂ ಬರೆದರು. ಅವರೆಲ್ಲ ಪುತ್ತೂರು, ಸುಳ್ಯ, ಕಡಬದ ಮಕ್ಕಳು. ಹೆಸರು ಹಿಡಿದು ಕರೆಯಿರಿ ಎಂದು ಕಂಪೆನಿ ಹೇಳಿದರೂ ಊರ್ಮಿಳಾಳನ್ನು ಮೇಡಂ ಎಂದೇ ಕರೆಯುವವರು. ಅವರಲ್ಲಿ ಕಡಬದ ಪ್ರಖ್ಯಾತ್ ಎಂಬವನು ಕೆಲಸದಲ್ಲಿ ಎಲ್ಲರಿಗಿಂತ ಮುಂದೆ. ಬೇರೆಯವರು ವಾರಗಟ್ಟಲೆ ಹುಡುಕಿದ ತಪ್ಪನ್ನು ಅವನು ಚಹಾ ಆರುವುದರೊಳಗೆ ತೋರಿಸುತ್ತಾನೆಂದು ಊರ್ಮಿಳಾ ನನ್ನ ಹತ್ತಿರ ಹೇಳಿದ್ದಳು. ನನ್ನ ಹತ್ತಿರ ಹೇಳಿದಳು, ಅವನ ಹತ್ತಿರ ಹೇಳಲಿಲ್ಲ.

ಆಮೇಲೆ ಬಂದದ್ದು ಆ ಶುಕ್ರವಾರ. ಮಧ್ಯಾಹ್ನ ಊಟದ ಹೊತ್ತಿಗೆ ಊರ್ಮಿಳಾ ಮೆಟ್ಟಿಲಿಳಿದು ಬಂದು ನನ್ನ ಅಂಗಡಿಯ ಸ್ಟೂಲಿನಲ್ಲಿ ಕೂತಳು. ಕೊರಳಲ್ಲಿ ಕಾರ್ಡು ನೇತಾಡುತ್ತಿತ್ತು, ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಪ್ರಖ್ಯಾತನ ಹೆಂಡತಿ ಸುಪ್ರಿತಾಳ ರವಿಕೆಗೆ ಕೊಕ್ಕೆ ಹೊಲಿಯುತ್ತಿದ್ದೆ. ಏಳು ತಿಂಗಳ ಬಸುರಿ, ಭಾನುವಾರ ಕಡಬದ ಮನೆಯಲ್ಲಿ ಸೀಮಂತ. ಅಳತೆ ಕೊಟ್ಟ ಮೇಲೆ ಮೈ ತುಂಬಿಕೊಂಡಿದ್ದರಿಂದ ಎರಡು ಸಲ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದೆ.

"ಚಿಕ್ಕಮ್ಮ, ನನಗೆ ಪ್ರಮೋಷನ್ ಆಯ್ತು. ಮಂಗಳೂರಿನ ಆಫೀಸೂ ಇನ್ನು ನನ್ನ ಕೈಕೆಳಗೆ" ಎಂದಳು.

"ಒಳ್ಳೇದಾಯ್ತಲ್ಲ. ಮತ್ತೆ ಯಾಕೆ ಹರಳೆಣ್ಣೆ ಕುಡಿದವರ ಹಾಗೆ ಕೂತಿದ್ದಿ?"

"ಪ್ರಖ್ಯಾತನನ್ನು ತೆಗೀತಾರಂತೆ. ಸೋಮವಾರ ಬೆಳಿಗ್ಗೆ ಅವನಿಗೆ ಮೇಲ್ ಬರ್ತದೆ. ಇದು ಯಾರಿಗೂ ಹೇಳ್ಬಾರದು. ನಿಮಗೂ ಹೇಳ್ಬಾರದು."

ನನ್ನ ಕೈಯಲ್ಲಿದ್ದ ಸೂಜಿ ನಿಂತಿತು. ಅವಳು ಬಿಡಿಸಿ ಹೇಳಿದಳು. ಕಂಪೆನಿ ಎಲ್ಲ ಊರುಗಳಲ್ಲೂ ಜನ ಕಡಿಮೆ ಮಾಡುತ್ತಿದೆ, ಪ್ರತಿ ಟೀಮಿನಿಂದ ಒಬ್ಬರು ಹೋಗಬೇಕು. ಯಾರು ಎಂದು ತೀರ್ಮಾನ ಮಾಡಿದ್ದು ಆರು ತಿಂಗಳಿಗೊಮ್ಮೆ ಬರೆಯುವ ಆ ಬರಹ ನೋಡಿ. ಬೆಂಗಳೂರಿನ ಚಿನ್ಮಯೀ ಎಂಬ ಎಚ್‌ಆರ್ ಹುಡುಗಿ ಬೆಳಿಗ್ಗೆ ವಿಡಿಯೊದಲ್ಲಿ ಬಂದು ವಿಷಯ ಹೇಳಿದಳಂತೆ. ಇವಳು ಹೌಹಾರಿ, "ಅವನು ನಮ್ಮಲ್ಲಿ ಎಲ್ಲರಿಗಿಂತ ಒಳ್ಳೆ ಕೆಲಸಗಾರ" ಎಂದಳು. ಚಿನ್ಮಯೀ ಇವಳು ಬರೆದದ್ದನ್ನು ಇವಳಿಗೇ ಓದಿ ಹೇಳಿದಳು. ಉಳಿದ ಏಳು ಮಂದಿ ಕೆಲಸದಲ್ಲಿ ಎಡವುವವರು, ಅವರಿಗೆ ಧೈರ್ಯ ಬರಲೆಂದು ಎರಡೆರಡು ಸಾಲು ಹೆಚ್ಚು ಬರೆದಿದ್ದಳು. ಪ್ರಖ್ಯಾತನ ಬಗ್ಗೆ ಒಂದೇ ಸಾಲು: ಕೆಲಸಕ್ಕೆ ಅಡ್ಡಿಯಿಲ್ಲ, ಕೊಟ್ಟದ್ದನ್ನು ಮುಗಿಸುತ್ತಾನೆ.

"ಅವನಿಗೆ ಕಣ್ಣು ತಾಗುದು ಬೇಡ ಅಂತಲಾ?" ಎಂದು ಕೇಳಿದೆ.

"ಹಾಗೆಲ್ಲ ಯೋಚನೆ ಮಾಡ್ಲಿಲ್ಲ ಚಿಕ್ಕಮ್ಮ. ಅವನ ಬಗ್ಗೆ ಎಂತ ಬರೆಯುದು ಅಂತ ಅನಿಸಿತು, ಎಲ್ಲರಿಗೂ ಗೊತ್ತಲ್ಲ. ಕೈ ಮುಂದೆ ಹೋಗ್ಲೇ ಇಲ್ಲ."

"ನಿನ್ನನ್ನು ಮೇಲೇರಿಸಿದ್ದೆಂತ ನೋಡಿ?"

ಊರ್ಮಿಳಾ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತತೊಡಗಿದಳು. ಎಂಟು ಮಂದಿ ಅವಳ ಬಗ್ಗೆ ಬರೆದದ್ದು ನೋಡಿ ಏರಿಸಿದ್ದಂತೆ. ಅದರಲ್ಲೂ ಎಲ್ಲಕ್ಕಿಂತ ಮೇಲಿದ್ದದ್ದು ಪ್ರಖ್ಯಾತನ ಬರಹ. "ನಾನು ಹುಡುಕಿದ ತಪ್ಪುಗಳನ್ನೆಲ್ಲ ಹುಡುಕಲು ಕಲಿಸಿದವರು ಊರ್ಮಿಳಾ ಮೇಡಂ, ನನ್ನದೆಂದು ಹೇಳುವಂಥದ್ದು ಏನೂ ಇಲ್ಲ" ಎಂದು ಒಂದು ಪುಟ ಬರೆದಿದ್ದ. ಕಂಪೆನಿ ಅಕ್ಷರಕ್ಷರವನ್ನೂ ನಂಬಿತು. ಏನೂ ಇಲ್ಲದವನನ್ನು ತೆಗೆಯಿತು, ಎಲ್ಲ ಕಲಿಸಿದವಳನ್ನು ಏರಿಸಿತು.

ನನಗೆ ಮೈಯೆಲ್ಲ ಉರಿಯಿತು. "ಆ ಚಿನ್ಮಯೀಯ ಮನೆ ಎಲ್ಲಿ? ನಡಿ, ಹೋಗುವ. ನಾನು ಮಾತಾಡ್ತೇನೆ."

"ಅವಳು ಎಂತ ಮಾಡ್ತಾಳೆ ಪಾಪ. ಅವಳಿಗೂ ಮೇಲಿನವರು ಹೇಳಿದ್ದು."

"ಮೇಲಿನವರ ಮನೆ ಎಲ್ಲಿ?"

"ಅದೇ ಚಿಕ್ಕಮ್ಮ. ನಾನೂ ಕೇಳಿದೆ. ಅವರಿಗೂ ಮೇಲಿನವರು ಇದ್ದಾರೆ."

ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಎನ್ನುತ್ತಾರಲ್ಲ, ಹಾಗಾಯಿತು ನನ್ನ ಸಿಟ್ಟು. ಬರೆದದ್ದನ್ನು ತಿದ್ದಲಿಕ್ಕೆ ಆಗುವುದಿಲ್ಲವಾ ಎಂದು ಕೇಳಿದೆ. ಅದರ ಬಾಗಿಲು ಮುಚ್ಚಿಯಾಗಿದೆ, ತೆರೆದರೂ ಅವನ ಬದಲು ಇನ್ನೊಬ್ಬರ ಹೆಸರು ಕೊಡಬೇಕಾಗುತ್ತದೆ ಎಂದಳು. ಹಾಗಾದರೆ ನೀನು ನಿನ್ನ ಪ್ರಮೋಷನ್ ಬೇಡ ಎನ್ನು ಎಂದೆ. "ನಾನು ಬೇಡ ಅಂದ್ರೂ ಅವನ ಕೆಲಸ ಉಳಿಯುದಿಲ್ಲ. ಎರಡೂ ಬೇರೆ ಬೇರೆ ಕಡೆಯಿಂದ ಬಂದದ್ದು" ಎಂದಳು. ಅವಳಿಗೆ ಸಿಹಿ ಕೊಡಬೇಕೋ ಬೈಯಬೇಕೋ ನನಗೆ ಗೊತ್ತಾಗಲಿಲ್ಲ. ಬಿಸಿತುಪ್ಪ ಬಾಯಿಗೆ ಬಿದ್ದ ಹಾಗೆ ಅವಳೂ ನುಂಗದೆ ಉಗುಳದೆ ಮೇಲಕ್ಕೆ ಹತ್ತಿ ಹೋದಳು.

ಭಾನುವಾರ ಅವಳ ಕಾರಿನಲ್ಲೇ ಕಡಬಕ್ಕೆ ಹೊರಟೆವು. ಸವಣೂರು ದಾಟಿದ ಮೇಲೆ, "ಹೇಳ್ಲಾ ಬೇಡ್ವಾ ಚಿಕ್ಕಮ್ಮ? ಇವತ್ತು ಹೇಳಿದ್ರೆ ಸೀಮಂತ ಹಾಳು. ಹೇಳದಿದ್ರೆ ನಾಳೆ ಅವನು ನನ್ನ ಮುಖ ನೋಡಿ ಎಂತ ಅಂದುಕೊಳ್ತಾನೆ?" ಎಂದಳು. ಹೇಳಿದರೆ ಅವಳ ಕೆಲಸಕ್ಕೂ ಕುತ್ತು. ಒಮ್ಮೆ ಹೇಳು ಎಂದೆ, ಇನ್ನೊಂದು ತಿರುವಿನಲ್ಲಿ ಬೇಡ ಎಂದೆ. ಅವಳಿಗೆ ದಾರಿ ತೋರಿಸಲು ಹೊರಟವಳಿಗೆ ನನಗೇ ದಾರಿ ಇರಲಿಲ್ಲ.

ಮನೆಯಂಗಳದಲ್ಲಿ ಚಪ್ಪರ ಹಾಕಿದ್ದರು. ಹಸಿರು ಸೀರೆ ಉಟ್ಟು ಕೂತ ಸುಪ್ರಿತಾಳಿಗೆ ನನ್ನ ರವಿಕೆ ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಹೇಳಿ ಮಾಡಿಸಿದ್ದೇ ಅಲ್ಲವೇ. ಪ್ರಖ್ಯಾತನ ಅಮ್ಮ ಊರ್ಮಿಳಾಳ ಕೈ ಹಿಡಿದು ಎಳೆದುಕೊಂಡು ಹೋಗಿ ನೆಂಟರ ನಡುವೆ ನಿಲ್ಲಿಸಿ, ಮೊದಲ ಹೂವನ್ನು ಅವಳ ಕೈಯಿಂದಲೇ ಮುಡಿಸಿದರು.

"ಇವರೇ ನೋಡಿ ಇವನ ಮೇಡಂ. ಮನೆಯಲ್ಲಿ ಇವ ದೇವರ ಹೆಸರು ಹೇಳುದಕ್ಕಿಂತ ಇವರ ಹೆಸರು ಹೇಳುದು ಹೆಚ್ಚು" ಎಂದು ಎಲ್ಲರಿಗೂ ಹೇಳಿದರು. ಆಮೇಲೆ ಊರ್ಮಿಳಾಳ ಕಡೆ ತಿರುಗಿ, "ನಮ್ಮವ ಅಂಥ ಬುದ್ಧಿವಂತ ಏನಲ್ಲ ಮೇಡಂ. ನೀವು ಹೇಗೋ ಸುಧಾರಿಸಿಕೊಂಡು ಹೋಗ್ತಾ ಇದ್ದೀರಿ. ಹೆರಿಗೆಯ ಖರ್ಚೂ ಕಂಪೆನಿಯದ್ದೇ ಅಂತ ಹೇಳಿದ. ಎಲ್ಲ ನಿಮ್ಮ ದಯೆ" ಎಂದರು.

ಊರಿನ ರಿವಾಜಿನ ಪ್ರಕಾರ ಇದಕ್ಕೆ "ಹಾಗೆಂತ ಇಲ್ಲ ಅಮ್ಮ" ಎಂದು ನಕ್ಕರೆ ಸಾಕಿತ್ತು. ಊರ್ಮಿಳಾ ಅವರ ಎರಡೂ ಕೈ ಹಿಡಿದುಕೊಂಡಳು.

"ಅಲ್ಲ ಅಮ್ಮ, ಹಾಗೆ ಹೇಳ್ಬೇಡಿ" ಎಂದಳು, ಚಪ್ಪರದ ಕೊನೆಯವರೆಗೂ ಕೇಳುವಷ್ಟು ಜೋರಾಗಿ. "ನಿಮ್ಮ ಮಗನಷ್ಟು ಬುದ್ಧಿ ಇರುವವರು ನಮ್ಮ ಆಫೀಸಿನಲ್ಲಿ ಯಾರೂ ಇಲ್ಲ. ನನಗೂ ಇಲ್ಲ. ನಾನು ಅವನಿಗೆ ಕಲಿಸಿದ್ದು ಎಂತದ್ದೂ ಇಲ್ಲ. ನನಗೆ ಗೊತ್ತಾಗದ್ದನ್ನೆಲ್ಲ ನಾನು ಅವನ ಹತ್ತಿರ ಕೇಳುದು. ಅವನು ಇಲ್ಲದಿದ್ರೆ ನಮ್ಮ ಆಫೀಸು ಒಂದು ದಿನ ನಡೀಲಿಕ್ಕಿಲ್ಲ."

ಮಾತಾಡುತ್ತಿದ್ದ ಹೆಂಗಸರೆಲ್ಲ ಇತ್ತ ತಿರುಗಿದರು. ಬಸುರಿ ಹೆಂಡತಿ ಪಕ್ಕದಲ್ಲಿರುವಾಗ, ಅಷ್ಟು ಜನರೆದುರು, ಹೆತ್ತ ತಾಯಿಯ ಮುಖಕ್ಕೇ ಮಗನನ್ನು ಹಾಗೆ ಹೊಗಳುವುದುಂಟೇ? ಆ ತಾಯಿ ನಗಲು ನೋಡಿದರು, ಆಗಲಿಲ್ಲ. "ನೀರು ಕುಡೀರಿ ಮೇಡಂ" ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯಿಂದ ಮೆಣಸು ಸುಟ್ಟ ಘಾಟು ಬಂತು, ಚಪ್ಪರದಲ್ಲಿದ್ದವರೆಲ್ಲ ಕೆಮ್ಮಿದರು.

ಊಟ ಮುಗಿದು ಕೈ ತೊಳೆಯಲು ಹಿಂದಿನ ಅಂಗಳಕ್ಕೆ ಹೋದೆವು. ಪ್ರಖ್ಯಾತ್ ಚೆಂಬು ಹಿಡಿದು ಬಂದ. ಊರ್ಮಿಳಾಳ ಕೈಗೆ ನೀರು ಹಾಕುತ್ತಾ ತಗ್ಗಿದ ದನಿಯಲ್ಲಿ, "ಮೇಡಂ, ನಮ್ಮ ಊರಿನಲ್ಲಿ ಎದುರಿಗೆ ಹಾಗೆ ಹೊಗಳುದು ರಿಟೈರ್ ಆಗುವವರನ್ನು. ಇಲ್ಲದಿದ್ರೆ ತೀರಿಕೊಂಡವರನ್ನು. ನನಗೆ ಎಂತ ಆಗಿದೆ?" ಎಂದ.

ಊರ್ಮಿಳಾ ಬೆರಳುಗಳನ್ನು ತಿಕ್ಕಿ ತಿಕ್ಕಿ ತೊಳೆದಳು.

"ಬೇರೆ ಆಫೀಸುಗಳಲ್ಲಿ ಜನ ತೆಗೀತಿದ್ದಾರೆ ಅಂತ ಸುದ್ದಿ ಉಂಟು. ನಾಳೆಯಾ?"

ಅವಳು ಕೈ ಚಾಚಿಯೇ ನಿಂತಿದ್ದಳು. ಕೈ ಆಗಲೇ ತೊಳೆದಾಗಿತ್ತು. ಅವನು ಚೆಂಬಿನಲ್ಲಿದ್ದ ನೀರು ಮುಗಿಯುವವರೆಗೂ ಹಾಕಿದ.

"ಅಮ್ಮನಿಗೂ ಸುಪ್ರಿತಾಳಿಗೂ ಇವತ್ತು ಗೊತ್ತಾಗುದು ಬೇಡ ಮೇಡಂ" ಎಂದ. ಚೆಂಬು ಕೆಳಗಿಟ್ಟು, "ನಿಮ್ಮ ಪ್ರಮೋಷನ್ನಿನ ಮೇಲ್ ನೋಡಿದೆ. ಖುಷಿ ಆಯ್ತು. ನಾವೆಲ್ಲ ನಿಮ್ಮ ಬಗ್ಗೆ ಒಳ್ಳೇದೇ ಬರೆದಿದ್ದೆವು" ಎಂದ. ಅದರಲ್ಲಿ ಕೊಂಕು ಇತ್ತೇನೋ ಎಂದು ನಾನು ಅವನ ಮುಖ ನೋಡಿದೆ. ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಎಂದು ಈಗ ಅನ್ನಿಸುತ್ತದೆ.

ಹೊರಡುವಾಗ ಅವನ ಅಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಹಲಸಿನ ಹಣ್ಣು ಇಡಿಸಿದರು. ದಾರಿಯುದ್ದಕ್ಕೂ ಕಾರಿನಲ್ಲಿ ಅದರದ್ದೇ ವಾಸನೆ. "ನಾನು ಹೇಳಿದ ಹಾಗಾಯ್ತಾ, ಹೇಳದ ಹಾಗಾಯ್ತಾ ಚಿಕ್ಕಮ್ಮ?" ಎಂದು ಊರ್ಮಿಳಾ ಕೇಳಿದಳು. ಕಂಪೆನಿಯ ಕಾನೂನಿನ ಪ್ರಕಾರ ಹೇಳಿಲ್ಲ ಎಂದೆ. ಅವಳು ಗಾಡಿ ಬದಿಗೆ ನಿಲ್ಲಿಸಿ ಅತ್ತಳು. ನನಗೂ ಅಳು ಬಂತು, ಯಾರಿಗಾಗಿ ಎಂದು ಸರಿಯಾಗಿ ತಿಳಿಯಲಿಲ್ಲ.

ಸೋಮವಾರ ಪ್ರಖ್ಯಾತ್ ಎಂದಿನಂತೆ ಬಂದ, ಮೇಲೆ ಹೋದ, ಸ್ವಲ್ಪ ಹೊತ್ತಿಗೆಲ್ಲ ಇಳಿದು ಬಂದ. ಅವನ ಕಂಪ್ಯೂಟರನ್ನೂ ಕೊರಳ ಕಾರ್ಡನ್ನೂ ತೆಗೆದಿರಿಸಿಕೊಳ್ಳಬೇಕಾದವಳು ಊರ್ಮಿಳಾಳೇ. ಮೂರು ತಿಂಗಳ ಸಂಬಳ ಕೊಟ್ಟು, ಹೆರಿಗೆ ಮುಗಿಯುವವರೆಗೆ ಇನ್ಸೂರೆನ್ಸ್ ಇಟ್ಟಿದ್ದಾರಂತೆ. ಅದನ್ನು ಕೇಳಿ ನನಗೆ ಕಂಪೆನಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಸರಿಯಾಗಿ ಆಗಲಿಲ್ಲ. ಅವನು ನನ್ನ ಅಂಗಡಿಯ ಬಾಗಿಲಲ್ಲಿ ನಿಂತು, "ರವಿಕೆ ಚಂದ ಆಗಿತ್ತು ಪಂಕಜಾಕ್ಷಿಯಕ್ಕ" ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಕಂಪೆನಿಯಲ್ಲಿ ಒಂದು ಕ್ರಮ ಉಂಟಂತೆ. ಯಾರಾದರೂ ಬಿಟ್ಟು ಹೋದರೆ ಅವರ ಮೇಲಿನವರು ಬೀಳ್ಕೊಡುಗೆಯ ನಾಲ್ಕು ಮಾತು ಬರೆದು ಎಲ್ಲ ಆಫೀಸುಗಳಿಗೆ ಕಳಿಸಬೇಕು. ಆ ದಿನ ಊರ್ಮಿಳಾ ಊಟ ಬಿಟ್ಟು ಕೂತು ಬರೆದಳು. ಅವನು ಹುಡುಕಿದ ಒಂದೊಂದು ತಪ್ಪನ್ನೂ, ಅದರಿಂದ ಕಂಪೆನಿಗೆ ತಪ್ಪಿದ ಒಂದೊಂದು ಅವಮಾನವನ್ನೂ ಹೆಸರು ಹೇಳಿ ಬರೆದಳು. ಇವನಂಥ ಕೆಲಸಗಾರನನ್ನು ನಾನು ಕಂಡಿಲ್ಲ ಎಂದು ಬರೆದಳು. ಒಂದೂವರೆ ಪುಟ ಆಯಿತಂತೆ. ಯಾವ ಯಾವುದೋ ದೇಶದವರು ಓದಿ ಚಪ್ಪಾಳೆಯ ಚಿತ್ರ ಕಳಿಸಿದರು.

ಮರುದಿನ ಅವಳು ಮೊಬೈಲು ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. ಎಲ್ಲರಿಗಿಂತ ಮೇಲಿನವರಲ್ಲೊಬ್ಬರು, ಇಷ್ಟು ದಿನ ಯಾರು ಕರೆದರೂ ಓಗೊಡದವರು, ಅವಳಿಗೆ ನೇರವಾಗಿ ಎರಡು ಸಾಲು ಬರೆದಿದ್ದರು. ಅವಳು ನನಗೆ ಕನ್ನಡದಲ್ಲಿ ಹೇಳಿದಳು: "ನಿಮ್ಮ ಬರಹ ಓದಿದೆ. ಇಂಥವನನ್ನು ನೀವು ಯಾಕೆ ಬಿಟ್ಟುಕೊಟ್ಟಿರಿ?"

"ವಾಪಸು ತೆಗೊಳ್ತಾರಂತಾ?" ನಾನು ಎದ್ದೇ ನಿಂತೆ.

"ಇಲ್ಲ. ಚಿನ್ಮಯೀಯ ಹತ್ತಿರ ಕೇಳಿದೆ, ಆ ಸೀಟೇ ತೆಗೆದಾಯ್ತಂತೆ. ಕಾರಣ ಮಾತ್ರ ಬೇಕಂತೆ, ಇವತ್ತೇ" ಎಂದಳು ಊರ್ಮಿಳಾ. "ಎಂತ ಬರೆಯುದು ಚಿಕ್ಕಮ್ಮ?"

ನಾನು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಅವಳಿಗೆ ಸ್ಟೂಲು ಎಳೆದುಕೊಟ್ಟೆ. ಅವಳು ಕೂತು ಒಂದು ಸಾಲು ಬರೆದಳು, ಅಳಿಸಿದಳು, ಮತ್ತೆ ಬರೆಯತೊಡಗಿದಳು.